ಬೋರ್‌ಸ್ಟಲ್ ಪದ್ಧತಿಯ ತವರು ರೋಚೆಸ್ಟರ್ ಜೈಲು

ಇಂಗ್ಲೆಂಡಿನ ಕೆಂಟ್ ಕೌಂಟಿಯ ರೋಚೆಸ್ಟರ್ ಬಳಿ ಬೋರ್‌ಸ್ಟಲ್ ಎಂಬ ಹಳ್ಳಿಯಿದೆ. ಅಲ್ಲಿನ ಜೈಲು 1874ರಷ್ಟು ಹಳೆಯದು. ಆರಂಭದಲ್ಲಿ ವಯಸ್ಕ ಕೈದಿಗಳನ್ನು ಇಲ್ಲಿರಿಸಿ, ಸುತ್ತಲಿನ ಕೋಟೆಗಳನ್ನು ಕಟ್ಟಲು ದುಡಿಸಿಕೊಳ್ಳಲಾಗುತ್ತಿತ್ತು.

ಹಳೇ ಕೈದಿಗಳ ಸಹವಾಸದಲ್ಲಿ ಹುಡುಗರು ಇನ್ನಷ್ಟು ಕೆಡುತ್ತಾರೆ ಎಂಬುದು ಜೈಲು ಆಯೋಗದ ಅಧ್ಯಕ್ಷ ಸರ್ ಎವೆಲಿನ್ ರಗಲ್ಸ್-ಬ್ರೈಸ್ ಅವರ ನಿಲುವಾಗಿತ್ತು. ಹೀಗಾಗಿ 1902ರಲ್ಲಿ ಇಲ್ಲಿ ಯುವಕರನ್ನು ಪ್ರತ್ಯೇಕವಾಗಿಟ್ಟು ಓದು, ಕಸುಬು, ಶಿಸ್ತು ಕಲಿಸುವ ಪ್ರಯೋಗ ಶುರುವಾಯಿತು. 1908ರಲ್ಲಿ ಅದಕ್ಕೆ ಕಾನೂನಿನ ಬಲ ಸಿಕ್ಕಿತು. 16ರಿಂದ 21 ವರ್ಷದೊಳಗಿನವರಿಗೆ ಒಂದರಿಂದ ಮೂರು ವರ್ಷಗಳ ತರಬೇತಿ ನಿಗದಿಯಾಯಿತು. ಹಳ್ಳಿಯ ಹೆಸರೇ ಪದ್ಧತಿಯ ಹೆಸರಾಯಿತು.

ಈ ಪದ್ಧತಿ ಭಾರತಕ್ಕೂ ಬಂತು. ಮದ್ರಾಸ್ ಪ್ರಾಂತ್ಯ 1926ರಲ್ಲಿ, ಮುಂಬೈ ಪ್ರಾಂತ್ಯ 1929ರಲ್ಲಿ ಬೋರ್‌ಸ್ಟಲ್ ಶಾಲೆಗಳ ಕಾಯ್ದೆ ತಂದವು. ಆಗ ಮುಂಬೈ ಪ್ರಾಂತ್ಯದಲ್ಲಿದ್ದ ಧಾರವಾಡದಲ್ಲೂ ಇಂಥ ಶಾಲೆ ನಡೆಯಿತು.

ಬ್ರಿಟನ್‌ನಲ್ಲಿ 1982ರ ಕಾಯ್ದೆ ಈ ಪದ್ಧತಿಯನ್ನು ರದ್ದುಪಡಿಸಿತು. ರೋಚೆಸ್ಟರ್‌ನಲ್ಲಿ ಈಗ ವಯಸ್ಕ ಪುರುಷರು ಮತ್ತು 18 ದಾಟಿದ ಯುವಕರು ಸೇರಿ ಸುಮಾರು 700 ಮಂದಿಗೆ ಜಾಗವಿದೆ. ಹಳೆಯ ಕಟ್ಟಡಗಳ ಜೊತೆ ನಂತರ ಕಟ್ಟಿದ ವಿಭಾಗಗಳೂ ಇವೆ. 2017ರಲ್ಲಿ ಜೈಲನ್ನು ಮುಚ್ಚುವ ನಿರ್ಧಾರ ಪ್ರಕಟವಾದರೂ ಕೈದಿಗಳ ಸಂಖ್ಯೆ ಏರಿದ್ದರಿಂದ ಅದು ಜಾರಿಯಾಗಲಿಲ್ಲ. 2024ರಲ್ಲಿ ಜೈಲುಗಳ ಮುಖ್ಯ ತನಿಖಾಧಿಕಾರಿ ಇಲ್ಲಿನ ದುಸ್ಥಿತಿಯ ಬಗ್ಗೆ ಸರ್ಕಾರಕ್ಕೆ ತುರ್ತು ಎಚ್ಚರಿಕೆ ನೀಡಿದರು. ಹುಡುಗರನ್ನು ಹಳೇ ಕೈದಿಗಳಿಂದ ದೂರವಿಡಲು ಹೆಸರಾದ ಜೈಲಿನಲ್ಲೇ ಈಗ ಇಬ್ಬರಿಗೂ ಒಂದೇ ಗೋಡೆ.