ಮುರಿಯೋದು ಬುಡದಲ್ಲೇ

ಬೆಂಗಳೂರಿಂದ ಊರಿಗೆ ಹೋಗುವಾಗ ಗುಡ್ಡದ ಮೇಲೆ ಗಾಳಿಯಂತ್ರ ಕಂಡರೆ ಚಿತ್ರದುರ್ಗ ಬಂತು ಅಂತಲೇ ಲೆಕ್ಕ. ನಾವೆಲ್ಲ ನೋಡೋದು ರೆಕ್ಕೆಗಳನ್ನು. ಆದರೆ ಇಂಜಿನಿಯರುಗಳ ನಿದ್ದೆ ಕೆಡಿಸಿದ್ದು ರೆಕ್ಕೆಗಳು ಬಂದು ಸೇರುವ ಜಾಗ, ಅಂದರೆ ಹಬ್. ರೆಕ್ಕೆಯ ಭಾರ, ಗಾಳಿಯ ಹೊಡೆತ ಎಲ್ಲವೂ ಅದರ ಮೂಲಕವೇ ಶಾಫ್ಟ್‌ಗೆ ದಾಟಬೇಕು.

1941ರಲ್ಲಿ ಅಮೆರಿಕದ ವರ್ಮಾಂಟ್‌ನ ಒಂದು ಬೆಟ್ಟದ ಮೇಲೆ ಪಾಮರ್ ಪಟ್ನಮ್ ಎಂಬ ಇಂಜಿನಿಯರ್ 1.25 ಮೆಗಾವ್ಯಾಟ್ ಯಂತ್ರ ನಿಲ್ಲಿಸಿದ. ಆ ಕಾಲಕ್ಕೆ ಜಗತ್ತಿನಲ್ಲೇ ದೊಡ್ಡದು. ಉಕ್ಕಿನ ರೆಕ್ಕೆಗಳು ಎರಡೇ, ಒಂದೊಂದೂ ಸುಮಾರು 8 ಟನ್. ಜೋರು ಗಾಳಿಗೆ ರೆಕ್ಕೆ ಸ್ವಲ್ಪ ಮಣಿಯಲಿ ಅಂತ ಹಬ್‌ನಲ್ಲಿ ಬಾಗಿಲಿಗಿರುವ ಹಾಗೆ ಕೀಲು ಇಟ್ಟಿದ್ದ. ಜಾಣತನವೇ. ಆದರೆ ರೆಕ್ಕೆಯ ಬುಡ ಸಾಕಷ್ಟು ಗಟ್ಟಿ ಇಲ್ಲ ಅನ್ನೋದು ತಂಡಕ್ಕೆ ಮೊದಲೇ ಗೊತ್ತಿತ್ತು. ಯುದ್ಧದ ಕಾಲ, ಸಾಮಾನು ಸಿಗಲ್ಲ. ಬುಡ ಹಾಗೇ ಉಳಿಯಿತು. 1943ರಲ್ಲಿ ಬೇರಿಂಗ್ ಕೆಟ್ಟು ಯಂತ್ರ ಎರಡು ವರ್ಷ ನಿಂತಿತು. 1945ರ ಮಾರ್ಚ್‌ನಲ್ಲಿ ಮತ್ತೆ ಶುರುವಾದ ಕೆಲವೇ ವಾರಕ್ಕೆ, 26ನೇ ತಾರೀಕು, ಒಂದು ರೆಕ್ಕೆ ಆ ಬುಡದ ಹತ್ತಿರವೇ ಮುರಿದು ಹಾರಿಹೋಯಿತು. ಯೋಜನೆಯೂ ಅಲ್ಲಿಗೇ ಮುಗಿಯಿತು.

ಉತ್ತರ ಬಂದದ್ದು ಜರ್ಮನಿಯಿಂದ. 1950ರ ದಶಕದಲ್ಲಿ ಉಲ್ರಿಚ್ ಹ್ಯೂಟರ್ 34 ಮೀಟರ್ ವ್ಯಾಸದ ಯಂತ್ರಕ್ಕೆ ಫೈಬರ್‌ಗ್ಲಾಸ್ ರೆಕ್ಕೆ ಮಾಡಿದರು. ಫೈಬರ್‌ಗ್ಲಾಸ್‌ಗೆ ತೂತು ಕೊರೆದು ಬೋಲ್ಟ್ ಹಾಕಿದರೆ ಎಳೆಗಳು ತುಂಡಾಗ್ತವೆ, ಬಲ ಹೋಗುತ್ತೆ. ಹ್ಯೂಟರ್ ತುಂಡು ಮಾಡಲಿಲ್ಲ. ಗೂಟಕ್ಕೆ ಹಗ್ಗ ಸುತ್ತಿ ವಾಪಸ್ ತರೋ ಹಾಗೆ, ಎಳೆಗಳನ್ನು ಬೋಲ್ಟ್ ಕೂರುವ ಜಾಗದ ಸುತ್ತ ಬಳಸಿ ಮತ್ತೆ ರೆಕ್ಕೆಯೊಳಕ್ಕೇ ಕಳಿಸಿದರು. ನಮ್ಮೂರಲ್ಲಿ ದನ ಕಟ್ಟೋರಿಗೆ ಇದನ್ನು ವಿವರಿಸೋದೇ ಬೇಡ.

1975ರಲ್ಲಿ ಡೆನ್ಮಾರ್ಕ್‌ನ ಟ್ವಿಂಡ್ ಎಂಬಲ್ಲಿ ಶಾಲೆಯ ಮೇಷ್ಟ್ರುಗಳು, ಸ್ವಯಂಸೇವಕರು ಸೇರಿ 54 ಮೀಟರ್ ವ್ಯಾಸದ ಯಂತ್ರ ಕಟ್ಟಲು ಹೊರಟರು. ರೆಕ್ಕೆಯ ಬುಡಕ್ಕೆ ಹ್ಯೂಟರ್ ದಾರಿಯನ್ನೇ ಹಿಡಿದರು. 1978ರಲ್ಲಿ ಅದು ತಿರುಗಿತು. ಮುಂದೆ ಡ್ಯಾನಿಶ್ ರೆಕ್ಕೆ ತಯಾರಕರೂ ಆ ಬುಡವನ್ನು ಅನುಸರಿಸಿದರು.

ನಾವೂ ಆಫೀಸಲ್ಲಿ 'ನೋನ್ ಇಶ್ಯೂ' ಅಂತ ಒಂದು ಸಾಲು ಬರೆದು ರಿಲೀಸ್ ಮಾಡ್ತೀವಿ. ಆ ಸಾಲು ಬರೆಯುವಾಗೆಲ್ಲ ನನಗೆ ವರ್ಮಾಂಟ್‌ನ ರೆಕ್ಕೆ ನೆನಪಾಗುತ್ತೆ. ಅದರ ಬುಡದ ದೋಷವೂ ಎಲ್ಲರಿಗೂ ಗೊತ್ತಿದ್ದದ್ದೇ.