ಪೇಟೆಯ ದಾರಿ ತೋರಿದ ಸಹೋದರತ್ವ

ಕ್ರಿ.ಶ. 622ರಲ್ಲಿ ಮಕ್ಕಾದಿಂದ ಮದೀನಾಕ್ಕೆ ಹಿಜ್ರಾ ಮಾಡಿದ ಮುಹಾಜಿರ್‌ಗಳಲ್ಲಿ ಹೆಚ್ಚಿನವರು ಮನೆ, ಸರಕು, ಬಂಧುಬಳಗವೆಲ್ಲವನ್ನೂ ತೊರೆದು ಬಂದಿದ್ದರು. ಸೊತ್ತಿನ ನಷ್ಟ ಕಣ್ಣಿಗೆ ಕಾಣುವಂಥದು. ಅದರ ಜೊತೆಗೇ ಕಾಣದ ನಷ್ಟವೊಂದಿತ್ತು. ಗೋತ್ರದ ಆಸರೆಯಿಲ್ಲದವನಿಗೆ ಆ ಕಾಲದ ಅರೇಬಿಯಾದಲ್ಲಿ ರಕ್ಷಣೆಯಾಗಲಿ ವ್ಯವಹಾರವಾಗಲಿ ಸುಲಭವಾಗಿರಲಿಲ್ಲ. ಮೇಲಾಗಿ ಮಕ್ಕಾದವರು ವರ್ತಕರು. ಮದೀನಾದ ಅನ್ಸಾರ್‌ಗಳು ಬಹುಮಟ್ಟಿಗೆ ಖರ್ಜೂರದ ಕೃಷಿಕರು.

ಈ ಸಮಸ್ಯೆಗೆ ಪ್ರವಾದಿವರ್ಯರು(ಸ) ಕಂಡುಕೊಂಡ ಪರಿಹಾರವೇ 'ಮುಆಖಾತ್'. ಒಬ್ಬ ಮುಹಾಜಿರ್‌ಗೆ ಒಬ್ಬ ಅನ್ಸಾರಿಯನ್ನು ಅವರು ಸಹೋದರನನ್ನಾಗಿ ಮಾಡಿಕೊಟ್ಟರು. ಹೀಗೆ ಪ್ರತಿಯೊಬ್ಬ ಅಪರಿಚಿತನಿಗೂ ಆ ಊರಿನಲ್ಲಿ ತನ್ನವನೆಂದು ಹೇಳಿಕೊಳ್ಳಲು ಒಬ್ಬನಾದರೂ ದೊರೆತನು.

ಅಬ್ದುರ್ರಹ್ಮಾನ್ ಬಿನ್ ಔಫ್(ರ)ರಿಗೆ ಸಹೋದರರಾಗಿ ದೊರೆತವರು ಸಅದ್ ಬಿನ್ ರಬೀಅ್(ರ). ಅನ್ಸಾರ್‌ಗಳಲ್ಲಿ ಸಿರಿವಂತರಾಗಿದ್ದ ಅವರು ತಮ್ಮ ಸಂಪತ್ತಿನ ಅರ್ಧಭಾಗವನ್ನೇ ನೀಡಲು ಮುಂದಾದರು. ಅಬ್ದುರ್ರಹ್ಮಾನ್(ರ) ಅವರಿಗಾಗಿ ಪ್ರಾರ್ಥಿಸಿ, ತಮಗೆ ಪೇಟೆಯ ದಾರಿ ತೋರಿಸಿದರೆ ಸಾಕೆಂದರು. ಬನೂ ಕೈನುಕಾದ ಪೇಟೆಗೆ ಹೋಗಿ ತುಪ್ಪ ಮತ್ತು ಒಣಗಿಸಿದ ಮೊಸರಿನ ಗಟ್ಟಿಯ ವ್ಯಾಪಾರ ಆರಂಭಿಸಿದರು. ಕೆಲಕಾಲದಲ್ಲೇ ಖರ್ಜೂರದ ಬೀಜದಷ್ಟು ತೂಕದ ಚಿನ್ನವನ್ನು ಮಹ್ರ್ ನೀಡಿ ಅನ್ಸಾರಿ ಮಹಿಳೆಯೊಬ್ಬರನ್ನು ವಿವಾಹವಾದರೆಂದು ಬುಖಾರಿಯ ವರದಿಗಳು ತಿಳಿಸುತ್ತವೆ. ಮುಂದೆ ಅವರು ಸಹಾಬಿಗಳಲ್ಲೇ ಅತ್ಯಂತ ಶ್ರೀಮಂತರ ಸಾಲಿಗೆ ಸೇರಿದರು.

ತೋಟಗಳ ವಿಚಾರದಲ್ಲೂ ಇದೇ ನೀತಿ ನಡೆಯಿತು. ಖರ್ಜೂರದ ಮರಗಳನ್ನು ತಮಗೂ ಮುಹಾಜಿರ್‌ಗಳಿಗೂ ಹಂಚಿಬಿಡುವಂತೆ ಅನ್ಸಾರ್‌ಗಳು ವಿನಂತಿಸಿದಾಗ ಪ್ರವಾದಿವರ್ಯರು(ಸ) ಒಪ್ಪಲಿಲ್ಲ. ಮುಹಾಜಿರ್‌ಗಳು ದುಡಿಯಬೇಕು, ಫಸಲಿನಲ್ಲಿ ಪಾಲು ಪಡೆಯಬೇಕು ಎಂದು ತೀರ್ಮಾನವಾಯಿತು. ಕೆಲವರು ಪ್ರೀತಿಯಿಂದ ಮರಗಳನ್ನು ಬಿಟ್ಟುಕೊಟ್ಟದ್ದೂ ಉಂಟು. ಖೈಬರ್ ವಿಜಯದ ಬಳಿಕ ಮುಹಾಜಿರ್‌ಗಳು ಆ ಮರಗಳನ್ನು ಮರಳಿಸಿದರು. ಆಸರೆಯು ಪರಾವಲಂಬನೆಯಾಗಿ ಉಳಿಯಲಿಲ್ಲ.

ನೆರವು ಒಂದೇ ದಿಕ್ಕಿಗೆ ಹರಿಯಲೂ ಇಲ್ಲ. ಗುಲಾಮಗಿರಿಯನ್ನು ಕಂಡಿದ್ದ ಪರ್ಷಿಯಾದ ಸಲ್ಮಾನ್(ರ) ಮದೀನಾದ ಅಬುದ್ದರ್ದಾ(ರ)ರ ಸಹೋದರರಾದರು. ಉಪವಾಸ, ನಮಾಝ್‌ಗಳ ಭರದಲ್ಲಿ ಅಬುದ್ದರ್ದಾ(ರ) ಪತ್ನಿಯ ಹಕ್ಕನ್ನು ಮರೆತಾಗ ತಿದ್ದಿದವರು ಸಲ್ಮಾನರೇ. ಪ್ರವಾದಿವರ್ಯರು(ಸ) ಸಲ್ಮಾನರ ಮಾತು ಸತ್ಯವೆಂದರು.

ಇಂದು ವಿದ್ವಾಂಸರು 'ಸಾಮಾಜಿಕ ಬಂಡವಾಳ' ಎಂದು ಕರೆಯುವುದು ಇಂತಹ ಪರಿಚಯ ಮತ್ತು ವಿಶ್ವಾಸದ ಸಂಬಂಧಗಳನ್ನೇ. ನಮ್ಮ ಮಹಲ್ಲಾಗಳಲ್ಲಿ ಝಕಾತ್ ಮತ್ತು ಸದಕಾ ಹಂಚಿಕೆಯಾಗುತ್ತವೆ, ಅದು ಆಗಲೇಬೇಕು. ಆದರೆ ಕುಟುಂಬದಲ್ಲಿ ಮೊದಲ ಬಾರಿಗೆ ಪದವಿ ಪಡೆದ ಹುಡುಗಿಗೆ ಅರ್ಜಿ ಎಲ್ಲಿ ಹಾಕಬೇಕೆಂದು ಹೇಳುವವರು, ಅಂಗಡಿ ತೆರೆಯಬಯಸುವ ಯುವಕನನ್ನು ಸಗಟು ವ್ಯಾಪಾರಿಗೆ ಪರಿಚಯಿಸುವವರು ನಮ್ಮಲ್ಲಿ ಎಷ್ಟು ಮಂದಿ? ಇದಕ್ಕೆ ಹಣ ಬೇಕಿಲ್ಲ. ನಮ್ಮ ಹೆಸರಿಗಿರುವ ಗೌರವವನ್ನು ಇನ್ನೊಬ್ಬರಿಗಾಗಿ ವ್ಯಯಿಸುವ ಮನಸ್ಸು ಬೇಕು.

ಇಲ್ಲೊಂದು ಎಚ್ಚರವೂ ಅಗತ್ಯ. ಒಳಿತಿಗಾಗಿ ಶಿಫಾರಸು ಮಾಡಿದವನಿಗೆ ಅದರಲ್ಲಿ ಪಾಲುಂಟು, ಕೆಡುಕಿಗಾಗಿ ಮಾಡಿದವನಿಗೆ ಅದರ ಹೊರೆಯುಂಟು ಎಂದು ಸೂರಃ ಅನ್ನಿಸಾದ 85ನೇ ಸೂಕ್ತ ತಿಳಿಸುತ್ತದೆ. ಅರ್ಹನನ್ನು ಹಿಂದಿಕ್ಕಿ ನಮ್ಮವನನ್ನು ತೂರಿಸುವುದು ಮುಆಖಾತ್ ಅಲ್ಲ. ಸಅದ್(ರ) ತೋರಿಸಿದ್ದು ಪೇಟೆಯ ದಾರಿಯನ್ನು. ವ್ಯಾಪಾರವನ್ನು ಅಬ್ದುರ್ರಹ್ಮಾನ್(ರ) ತಾವೇ ಮಾಡಿದರು.