ಜೂಪಿಟರನ ಹೆಸರಿನ ಬೇರು: ಪಾಂಡಿಚೇರಿಯಿಂದ ಆಸ್ಟಿನ್‌ವರೆಗೆ

ರೋಮನ್ ದೇವತೆಗಳ ಹೆಸರಿನ ಬೇರು ಹುಡುಕುವ ಕೆಲಸ ರೋಮಿನಲ್ಲೇ ಶುರುವಾಯಿತು. ಕ್ರಿ.ಪೂ. 45ರ ಸುಮಾರಿಗೆ ಸಿಸೆರೊ ದೇವತೆಗಳ ಸ್ವರೂಪ ಕುರಿತು ಬರೆದ ಸಂವಾದದಲ್ಲಿ ಜೂಪಿಟರ್ ಎಂದರೆ ‘ನೆರವಾಗುವ ತಂದೆ’, ನೆಪ್ಚೂನ್ ಎಂಬುದು ‘ಈಜು’ ಎಂಬ ಕ್ರಿಯಾಪದದಿಂದ ಬಂದದ್ದು ಎಂಬ ವಿವರಣೆಗಳಿವೆ. ಕಿವಿಗೆ ಹತ್ತಿರ ಕೇಳಿಸಿದ ಪದವನ್ನೇ ಮೂಲವೆಂದು ಹಿಡಿಯುವ ಈ ರೂಢಿ ಹದಿನೇಳು ಶತಮಾನ ದಾಟಿಯೂ ಉಳಿಯಿತು.

ದಾರಿ ಬದಲಾಗಲು ಬೇಕಾದ ಸಾಮಗ್ರಿ ದಕ್ಷಿಣ ಭಾರತದಿಂದ ಹೋಯಿತು. ಪಾಂಡಿಚೇರಿಯಲ್ಲಿದ್ದ ಕರ್ನಾಟಿಕ್ ಮಿಷನ್ನಿನ ಜೆಸ್ಯೂಟ್ ಪಾದ್ರಿ ಕೂರ್ದು 1767ರಲ್ಲಿ ಪ್ಯಾರಿಸ್ಸಿನ ವಿದ್ವಾಂಸ ಬಾರ್ತೆಲೆಮಿಗೆ ಪತ್ರ ಬರೆದು, ಸಂಸ್ಕೃತದಲ್ಲಿ ಲ್ಯಾಟಿನ್, ಗ್ರೀಕ್ ಪದಗಳು ಇಷ್ಟೊಂದು ಏಕಿವೆ ಎಂದು ಕೇಳಿದ. ಜೊತೆಗೆ ಪಟ್ಟಿಯನ್ನೂ ಕೊಟ್ಟ: ದೇವ–ದೇಉಸ್, ದಾನ–ದೋನುಂ, ವಿಧವಾ–ವಿದುಅ. ಆ ಪತ್ರ ಅಚ್ಚಾದದ್ದು 1808ರಲ್ಲಿ. ಅಷ್ಟರೊಳಗೆ ಕಲ್ಕತ್ತೆಯ ವಿಲಿಯಂ ಜೋನ್ಸ್ ಇದೇ ವಿಷಯದ ಮಾತಿನಿಂದ ಹೆಸರಾಗಿದ್ದ. ಕೂರ್ದುವಿಗೆ ಸಲ್ಲಬೇಕಾದ ಕೀರ್ತಿ ಇಂದಿಗೂ ಪೂರ್ತಿ ಸಂದಿಲ್ಲ.

ಜೋನ್ಸ್ ದೊಡ್ಡ ವಿದ್ವಾಂಸ, ಆದರೆ ದೇವತೆಗಳ ವಿಷಯದಲ್ಲಿ ಎಡವಿದ. 1784ರಲ್ಲಿ ಗ್ರೀಸ್, ಇಟಲಿ, ಭಾರತದ ದೇವತೆಗಳ ಬಗ್ಗೆ ಬರೆದ ಪ್ರಬಂಧದಲ್ಲಿ ಬಾಗಿಲ ದೇವತೆ ಜೇನಸ್‌ನನ್ನು ಗಣೇಶನ ಪಕ್ಕ ನಿಲ್ಲಿಸಿದ. ಇಬ್ಬರಿಗೂ ಆರಂಭದ ಪೂಜೆ, ಹೆಸರಿನಲ್ಲೂ ಒಂದಿಷ್ಟು ಹೋಲಿಕೆ. ಹೋಲಿಕೆ ಸುಂದರವಾಗಿದೆ, ಸಂಬಂಧ ಮಾತ್ರ ಇಲ್ಲ. ಜೇನಸ್ ಹೆಸರಿನ ಹಿಂದೆ ‘ಹೋಗು’ ಎಂಬ ಅರ್ಥದ ಧಾತುವನ್ನು ಹೆಚ್ಚಿನವರು ಕಾಣುತ್ತಾರೆ. ಕನ್ನಡಿಗರು ದಿನವೂ ಆಡುವ ‘ಯಾನ’ ಅದೇ ಧಾತುವಿನದು. ಜನವರಿಯಲ್ಲಿ ಉಳಿದಿರುವುದೂ ಇದೇ ದೇವತೆಯ ಹೆಸರು.

ಹೋಲಿಕೆ ಸಾಲದು, ಧ್ವನಿಗಳು ನಿಯಮದಂತೆ ಹೊಂದಬೇಕು ಎಂಬ ತಿಳಿವಳಿಕೆ 19ನೇ ಶತಮಾನದಲ್ಲಿ ಗಟ್ಟಿಯಾಯಿತು. ಜೂಪಿಟರನ ಹೆಸರು ಆ ಪರೀಕ್ಷೆಯಲ್ಲಿ ಗೆದ್ದಿತು. ಮೊದಲರ್ಧ ಋಗ್ವೇದದ ದ್ಯೌಃ, ಗ್ರೀಕರ ಝ್ಯೂಸ್. ಉಳಿದರ್ಧ ಪಿತಾ, ಅಂದರೆ ತಂದೆ. ‘ಆಕಾಶ ತಂದೆಯೇ’ ಎಂದು ಕೂಗಿ ಕರೆಯುವ ಸಂಬೋಧನೆಯೇ ಲ್ಯಾಟಿನ್ನಿನಲ್ಲಿ ಹೆಸರಾಗಿ ನಿಂತಿತು. 1880ರಲ್ಲಿ ರೋಮಿನ ಕ್ವಿರಿನಲ್ ಗುಡ್ಡದಲ್ಲಿ ಸಿಕ್ಕ, ಮೂರು ಕುಡಿಕೆಗಳನ್ನು ಒಂದಾಗಿ ಬೆಸೆದ ಪುಟ್ಟ ಮಣ್ಣಿನ ಪಾತ್ರೆಯ ಮೈಮೇಲೆ ‘ದೇಇವೋಸ್’ ಎಂದು ಗೀರಿದೆ. ದೇಉಸ್ ಪದದಲ್ಲಿ ಕಳೆದುಹೋದ ವಕಾರ ಅಲ್ಲಿ ಹಾಗೇ ಇದೆ. ‘ದೇವ’ ಪದದ ನಂಟು ಕಣ್ಣಿಗೇ ಕಾಣುತ್ತದೆ. ಇದಕ್ಕೆ ತದ್ವಿರುದ್ಧವಾಗಿ, ದೇವರೆಂಬ ಅರ್ಥದ್ದೇ ಆದ ಗ್ರೀಕ್ ‘ಥೆಓಸ್’ ಈ ಬಳಗಕ್ಕೆ ಸೇರಿದ್ದಲ್ಲ.

ಸಂಸ್ಕೃತ, ಗ್ರೀಕ್, ಲ್ಯಾಟಿನ್ ಸೇರಿದ ಇಂಡೋ-ಯುರೋಪಿಯನ್ ಭಾಷಾ ಬಳಗವನ್ನು ಹೋಲಿಸಿ ನೋಡುವ ಈ ಶಾಸ್ತ್ರ 20ನೇ ಶತಮಾನದಲ್ಲಿ ಟೆಕ್ಸಾಸಿನಲ್ಲೂ ಬೇರೂರಿತು. 1949ರಲ್ಲಿ ಆಸ್ಟಿನ್ನಿನ ಟೆಕ್ಸಾಸ್ ವಿಶ್ವವಿದ್ಯಾಲಯಕ್ಕೆ ಬಂದ ವಿನ್‌ಫ್ರೆಡ್ ಲೇಮನ್ 1961ರಲ್ಲಿ ಭಾಷಾಶಾಸ್ತ್ರ ಸಂಶೋಧನಾ ಕೇಂದ್ರ ಕಟ್ಟಿದರು. ಜೋನ್ಸ್‌ನ 1786ರ ಭಾಷಣದಿಂದ ಹಿಡಿದು 19ನೇ ಶತಮಾನದ ವಿದ್ವಾಂಸರಾದ ಬಾಪ್, ಗ್ರಿಮ್, ವೆರ್ನರ್‌ವರೆಗಿನ ಮೂಲ ಬರಹಗಳನ್ನು ಇಂಗ್ಲಿಷಿನಲ್ಲಿ ಒಟ್ಟಿಗೆ ತಂದ ಅವರ ಸಂಕಲನ 1967ರದು. ಬೆಲ್ಜಿಯಂನ ಎಡ್ಗರ್ ಪೊಲೊಮೆ ಕಾಂಗೋದಲ್ಲಿ ಪಾಠ ಹೇಳಿ, 1960ರ ದಶಕದ ಆರಂಭದಲ್ಲಿ ಅದೇ ವಿಶ್ವವಿದ್ಯಾಲಯ ಸೇರಿದರು. ಸ್ವಾಹಿಲಿ ಬಲ್ಲ ಈ ವಿದ್ವಾಂಸರ ಮನಸ್ಸು ನೆಟ್ಟದ್ದು ದೇವತೆಗಳ ಹೆಸರಿನಲ್ಲಿ. ರೋಮನ್ ಇತಿಹಾಸಕಾರ ಟ್ಯಾಸಿಟಸ್ ದಾಖಲಿಸಿದ ಜರ್ಮಾನಿಕ್ ದೇವಿ ನೆರ್ಥುಸ್ ಕುರಿತು ಅವರ ದೀರ್ಘ ಲೇಖನ 1954ರಲ್ಲೇ ಬಂದಿತ್ತು. 1973ರಲ್ಲಿ ಶುರುವಾದ ಇಂಡೋ-ಯುರೋಪಿಯನ್ ಅಧ್ಯಯನ ಪತ್ರಿಕೆಯ ಸ್ಥಾಪಕರಲ್ಲಿ ಅವರೂ ಒಬ್ಬರು.

ಹಿಂದಿನವರು ಪತ್ರದಲ್ಲಿ ನಡೆಸಿದ ವಾದ ಈಗ ಇಂಥ ಪತ್ರಿಕೆಗಳ ಪುಟಗಳಿಗೆ ಬಂತು. ವಾದದ ನಡುವೆ ಇದ್ದವರು ಫ್ರಾನ್ಸಿನ ಜಾರ್ಜ್ ದ್ಯುಮೆಜಿಲ್. ಬರಿಯ ಪದವಲ್ಲ, ದೇವತೆಯ ಕೆಲಸ, ಕಥೆ, ಹಬ್ಬ ಎಲ್ಲವನ್ನೂ ಹೋಲಿಸಬೇಕು ಎಂಬುದು ಅವರ ಪಟ್ಟು. ಅದನ್ನು ಒಪ್ಪದೆ 1959ರಲ್ಲಿ ಸಂಸ್ಕೃತ ವಿದ್ವಾಂಸ ಜಾನ್ ಬ್ರೋ, ದ್ಯುಮೆಜಿಲ್ ಇಂಡೋ-ಯುರೋಪಿಯನ್ನರ ವಿಶೇಷವೆಂದ ಪುರೋಹಿತ, ಯೋಧ, ಉತ್ಪಾದಕ ಎಂಬ ಮೂರು ವರ್ಗಗಳ ಚೌಕಟ್ಟನ್ನು ಹೀಬ್ರೂ ಬೈಬಲ್ಲಿನಲ್ಲೂ ಕಾಣಬಹುದೆಂದು ತೋರಿಸಿದರು. ಬಿಡದೆ ಉತ್ತರಿಸಿದ ದ್ಯುಮೆಜಿಲ್‌ಗೆ 1982ರಲ್ಲಿ ಗೌರವ ಗ್ರಂಥ ಸಂಪಾದಿಸಿದವರು ಪೊಲೊಮೆ. ನೆಪ್ಚೂನನ ಹೆಸರು ದ್ಯುಮೆಜಿಲ್ ಕಣ್ಣಿಗೆ ವೇದದ ಜಲದೇವತೆ ಅಪಾಂ ನಪಾತ್‌ನ ಬಂಧು. ಇನ್ನು ಕೆಲವರಿಗೆ ತೇವ, ಮೋಡದ ಅರ್ಥದ ‘ನಭಸ್’ ಬಳಗದ್ದು. ಈ ಹೆಸರಿನ ಮೊಕದ್ದಮೆ ತೀರ್ಮಾನವಾಗಿಲ್ಲ.

ಲೇಮನ್ ಕಟ್ಟಿದ ಕೇಂದ್ರ ಈ ಧಾತುಗಳ ಕೋಶವನ್ನು ಯಾರು ಬೇಕಾದರೂ ನೋಡುವಂತೆ ತೆರೆದಿಟ್ಟಿದೆ. ಕನ್ನಡ ದ್ರಾವಿಡ ನುಡಿಯಾದರೂ ಸಂಸ್ಕೃತದಿಂದ ಪಡೆದ ಪದಗಳ ಮೂಲಕ ಈ ಬಳಗದ ನೆಂಟಸ್ತಿಕೆ ಅದಕ್ಕೂ ಇದೆ. ವೀನಸ್ ಹೆಸರಿನ ಧಾತು ‘ವನಿತೆ’ಯಲ್ಲಿದೆ, ಜೂಪಿಟರನದು ‘ದಿವಸ’ದಲ್ಲಿದೆ, ಜೂನೊ ಹೆಸರನ್ನು ಹಲವರು ‘ಯುವ’ ಪದದ ಜೊತೆ ಇಡುತ್ತಾರೆ. ಗುರುವಾರದ ಕಥೆ ಬೇರೆ. ರೋಮನ್ನರು ಅದನ್ನು ಜೂಪಿಟರನ ದಿನವೆಂದರು, ಭಾರತದಲ್ಲಿ ಅದು ಬೃಹಸ್ಪತಿಯ ವಾರ. ಗ್ರಹ ಒಂದೇ, ಹೆಸರಿನ ಬೇರುಗಳು ಮಾತ್ರ ಬೇರೆ ಬೇರೆ.